ಕಾಯಕವನ್ನು ಕಸಿದು ಬಾಕಿ ತೀರಿಸಲಾದೀತೆ?

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣ ಆಯ್ದಕ್ಕಿ ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುತ್ತಿದ್ದನು. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಪತ್ನಿ ಲಕ್ಕಮ್ಮನವರು ಒಪ್ಪಲಿಲ್ಲ. ಅಂದಿನ ಕಾಯಕಕ್ಕೆ ಸಲ್ಲುವಷ್ಟು ಮಾತ್ರ ತಮ್ಮದು, ಮಿಕ್ಕುದನ್ನು ಮರಳಿ ಒಪ್ಪಿಸಬೇಕು ಎಂಬುದು ಆ ತಾಯಿಯ ನಿಲುವು. ಈ ಪ್ರಸಂಗವನ್ನು ಆಸೆಯ ನಿಗ್ರಹಕ್ಕೆ ನಿದರ್ಶನವಾಗಿ ವಿವರಿಸುವುದು ರೂಢಿ. ಅದರಲ್ಲಿ ಇನ್ನೊಂದು ತತ್ವವೂ ಅಡಗಿದೆ. ಸಲ್ಲಬೇಕಾದುದನ್ನು ಪಡೆಯುವುದು ನ್ಯಾಯ, ಅದಕ್ಕಿಂತ ಒಂದು ಹಿಡಿ ಹೆಚ್ಚು ಪಡೆದರೂ ಅನ್ಯಾಯ. ಈ ಅಳತೆ ಕಾಯಕಜೀವಿಗೆ ಹೇಗೋ ಆಳುವವರಿಗೂ ಹಾಗೆಯೇ ಅನ್ವಯಿಸುತ್ತದೆ.

ಬೆಂಗಳೂರಿನ ವಾಯವ್ಯಕ್ಕಿರುವ ಚಿಕ್ಕಬಾಣಾವರದಲ್ಲಿ ವಾಹನದ ಚಕ್ರವನ್ನೇ ಕಾಯಕವಾಗಿಸಿಕೊಂಡ ಮನೆಗಳು ಬಹಳ. ಪೀಣ್ಯದ ಕಾರ್ಖಾನೆಗಳಿಗೆ ಸರಕು ಸಾಗಿಸುವ ಟೆಂಪೊ ಚಾಲಕರು, ಹೆಸರಘಟ್ಟ ರಸ್ತೆಯ ಆಟೊ ಚಾಲಕರು, ಮನೆಮನೆಗೆ ಪಾರ್ಸೆಲ್ ತಲುಪಿಸುವ ಯುವಕರು, ರಾತ್ರಿ ಪಾಳಿಯ ಕ್ಯಾಬ್ ಚಾಲಕರು ಇಲ್ಲಿ ನೆಲೆಸಿದ್ದಾರೆ. ಬೆನ್ನಿಗಾನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ ಬರಬೇಕಾದ ಉಪನಗರ ರೈಲು ಮಾರ್ಗಕ್ಕೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಯಿತು. ಆ ರೈಲು ಬಂದರೂ ಸರಕಿನ ಕಾಯಕ ರಸ್ತೆಯ ಮೇಲೆಯೇ ನಡೆಯಬೇಕು. ಇವರ ಪಾಲಿಗೆ ಚಾಲನಾ ಪರವಾನಗಿಯು ಕೇವಲ ಗುರುತಿನ ಚೀಟಿಯಲ್ಲ. ನೇಕಾರನಿಗೆ ಮಗ್ಗ, ಕಮ್ಮಾರನಿಗೆ ತಿದಿ ಹೇಗೋ ಚಾಲಕನಿಗೆ ಪರವಾನಗಿ ಹಾಗೆ.

ಮೂರು ತಿಂಗಳೊಳಗೆ ಇ-ಚಲನ್ ದಂಡವನ್ನು ಕಟ್ಟದವರ ಪರವಾನಗಿಯನ್ನು ಅಮಾನತುಗೊಳಿಸುವ ನಿಯಮವೊಂದು ಕೇಂದ್ರ ಸರ್ಕಾರದ ಪರಿಶೀಲನೆಯಲ್ಲಿದೆಯೆಂದು 2025ರಲ್ಲಿ ಪತ್ರಿಕೆಗಳು ವರದಿ ಮಾಡಿದವು. ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಮದ್ಯಪಾನ ಮಾಡಿ ವಾಹನ ನಡೆಸುವವನ, ಅಜಾಗರೂಕತೆಯಿಂದ ಪರರ ಪ್ರಾಣಕ್ಕೆ ಕುತ್ತು ತರುವವನ ಪರವಾನಗಿಯನ್ನು ಹಿಂಪಡೆಯುವುದು ಧರ್ಮವೇ ಸರಿ. 1988ರ ಮೋಟಾರು ವಾಹನ ಕಾಯ್ದೆಯ 19ನೇ ಕಲಮು ಅಂತಹ ಅಪಾಯಕಾರಿ ಚಾಲಕರನ್ನು ಅನರ್ಹಗೊಳಿಸುವ ಅಧಿಕಾರವನ್ನು ಈಗಾಗಲೇ ನೀಡಿದೆ. ದಯೆಯೇ ಧರ್ಮದ ಮೂಲವೆಂದು ನಂಬಿದವರು ದಾರಿಹೋಕರ ಪ್ರಾಣವನ್ನು ಮರೆಯಲಾರರು. ಆದರೆ ಕೈಯಲ್ಲಿ ಹಣವಿಲ್ಲ ಎಂಬುದು ರಸ್ತೆಗೆ ಅಪಾಯವಲ್ಲ. ಒಂದೇ ತಪ್ಪಿಗೆ ಹಣವುಳ್ಳವನು ಒಂದು ಕ್ಷಣದಲ್ಲಿ ದಂಡ ಕಟ್ಟಿ ಮುಂದೆ ಹೋಗುತ್ತಾನೆ, ಹಣವಿಲ್ಲದವನು ಕಾಯಕವನ್ನೇ ಕಳೆದುಕೊಳ್ಳುತ್ತಾನೆ. ಅಲ್ಲಿ ಶಿಕ್ಷೆಯಾಗುವುದು ತಪ್ಪಿಗಲ್ಲ, ಬಡತನಕ್ಕೆ.

ಕಾಯಕಕ್ಕೆ ಶರಣರು ಕೊಟ್ಟ ಸ್ಥಾನ ಎಂತಹುದು? ಕಾಯಕದಲ್ಲಿ ನಿರತನಾದವನು ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆತರೆ ದೋಷವಿಲ್ಲವೆಂಬುದು ಆಯ್ದಕ್ಕಿ ಮಾರಯ್ಯನ ವಚನದ ಆಶಯ. ನುಲಿಯ ಚಂದಯ್ಯನವರು ಹಗ್ಗಕ್ಕಾಗಿ ಹುಲ್ಲು ಕೊಯ್ಯುತ್ತಿದ್ದಾಗ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದರೂ ಕಾಯಕವನ್ನು ನಿಲ್ಲಿಸಲಿಲ್ಲವೆಂದು ಶರಣ ಪರಂಪರೆ ಹೇಳುತ್ತದೆ. ಲಿಂಗಪೂಜೆಗೂ ತಡೆಯಲಾಗದ ಕಾಯಕವನ್ನು ಕೆಲವು ಸಾವಿರ ರೂಪಾಯಿಗಳ ಬಾಕಿಗಾಗಿ ತಡೆಯುವುದು ಯಾವ ನ್ಯಾಯ? ಕಾಯಕ ನಿಂತರೆ ಮಕ್ಕಳ ಶಾಲೆಯ ಶುಲ್ಕ ನಿಲ್ಲುತ್ತದೆ, ವಾಹನದ ಸಾಲದ ಕಂತು ನಿಲ್ಲುತ್ತದೆ, ದಾಸೋಹ ನಿಲ್ಲುತ್ತದೆ. ಕಡೆಗೆ ಆ ದಂಡದ ಬಾಕಿಯೂ ತೀರದೆ ಉಳಿಯುತ್ತದೆ. ಹಾಲು ಕೊಡುವ ಹಸುವನ್ನು ಕಟ್ಟಿಹಾಕಿ, ಮೇವು ಹಾಕದೆ, ಹಾಲು ಕೇಳಿದಂತೆ ಇದು.

ಈ ವಿವೇಕ ನಾಡಿನ ಕಾನೂನಿಗೂ ಹೊಸದಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಂತೆ ಸಾಲದ ಡಿಕ್ರಿಗಾಗಿ ಕುಶಲಕರ್ಮಿಯ ಉಪಕರಣಗಳನ್ನೂ ರೈತನ ಬೇಸಾಯದ ಸಾಧನಗಳನ್ನೂ ಜಪ್ತಿ ಮಾಡುವಂತಿಲ್ಲ. ಸಾಲಗಾರನು ದುಡಿದರಷ್ಟೇ ಸಾಲ ತೀರೀತು ಎಂಬ ಸರಳ ತಿಳಿವಳಿಕೆ ಅದರ ಹಿಂದಿದೆ. ಬಡತನದಿಂದ ಸಾಲ ತೀರಿಸಲಾಗದವನನ್ನು ಸೆರೆಗೆ ಕಳುಹಿಸುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧವೆಂದು 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ತೀರ್ಪಿತ್ತರು. ಬದುಕುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆಯೆಂದು 1985ರಲ್ಲಿ ಓಲ್ಗಾ ಟೆಲಿಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಸಾರಿತು. ರೈತನ ನೇಗಿಲಿಗೆ ಇರುವ ರಕ್ಷಣೆ ಚಾಲಕನ ಪರವಾನಗಿಗೂ ದೊರೆಯಬೇಕು.

ಪರವಾನಗಿ ಕಳೆದುಕೊಂಡವನ ಮುಂದೆ ಎರಡೇ ದಾರಿಗಳು ಉಳಿಯುತ್ತವೆ. ಮನೆಯಲ್ಲಿ ಕುಳಿತು ಉಪವಾಸವಿರಬೇಕು, ಇಲ್ಲವೇ ಕದ್ದುಮುಚ್ಚಿ ವಾಹನ ನಡೆಸಬೇಕು. ಅನರ್ಹಗೊಂಡಿರುವಾಗ ವಾಹನ ನಡೆಸಿದರೆ 2019ರ ತಿದ್ದುಪಡಿಯ ಪ್ರಕಾರ 10,000 ರೂಪಾಯಿ ದಂಡ, ಮೂರು ತಿಂಗಳವರೆಗಿನ ಸೆರೆವಾಸ ಅಥವಾ ಎರಡೂ ಒದಗಬಹುದು. ಸಣ್ಣ ಬಾಕಿಯು ಹೀಗೆ ದೊಡ್ಡ ಅಪರಾಧವಾಗಿ ಬೆಳೆಯುತ್ತದೆ. ಅಪಘಾತವಾದರೆ ಚಾಲಕನಿಗೆ ಪರವಾನಗಿ ಇಲ್ಲವೆಂದು ವಿಮಾ ಕಂಪನಿ ತಕರಾರು ತೆಗೆಯುತ್ತದೆ. ಆಗ ಕಷ್ಟ ತಟ್ಟುವುದು ಗಾಯಗೊಂಡ ನಿರಪರಾಧಿಗೂ ಹೌದು. ಇದಲ್ಲದೆ ಕ್ಯಾಮೆರಾ ಗುರುತಿಸುವುದು ವಾಹನದ ಸಂಖ್ಯೆಯನ್ನು, ಚಾಲಕನ ಮುಖವನ್ನಲ್ಲ. ಮಾರಿದ ವಾಹನದ ದಾಖಲೆ ಬದಲಾಗದಿದ್ದರೆ ಚಲನ್ ಹಳೆಯ ಮಾಲೀಕನಿಗೆ ಹೋಗುತ್ತದೆ. ಮೊಬೈಲ್ ಸಂಖ್ಯೆ ಬದಲಾಗಿದ್ದರೆ ಯಾರಿಗೂ ತಲುಪುವುದಿಲ್ಲ.

ಭಯವಿಲ್ಲದಿದ್ದರೆ ದಂಡ ಕಟ್ಟುವವರಾರು ಎಂಬ ಪ್ರಶ್ನೆ ಸಹಜವೇ. ಅದಕ್ಕೆ ಬೆಂಗಳೂರೇ ಉತ್ತರ ಕೊಟ್ಟಿದೆ. 2023ರ ಫೆಬ್ರುವರಿಯಲ್ಲಿ ಸಂಚಾರ ದಂಡದ ಬಾಕಿಗೆ ಶೇಕಡಾ 50ರಷ್ಟು ರಿಯಾಯಿತಿ ನೀಡಿದಾಗ ಒಂಬತ್ತೇ ದಿನಗಳಲ್ಲಿ ನೂರು ಕೋಟಿ ರೂಪಾಯಿಗೂ ಮೀರಿದ ಹಣ ಸಂದಾಯವಾಯಿತು. ಹೊರೆ ಹೊರುವಷ್ಟಿದ್ದರೆ ಜನರು ತಾವಾಗಿಯೇ ಬಂದು ಕಟ್ಟುತ್ತಾರೆ. ಆದರೂ ರಿಯಾಯಿತಿ ಶಾಶ್ವತ ಮಾರ್ಗವಲ್ಲ, ಸಕಾಲದಲ್ಲಿ ಕಟ್ಟಿದವರಿಗೆ ಅದು ಅನ್ಯಾಯವಾಗುತ್ತದೆ. ಆದಾಯಕ್ಕೆ ತಕ್ಕ ಕಂತುಗಳು, ತೀರಾ ಅಶಕ್ತರಿಗೆ ದಂಡದ ಬದಲು ಸಮಾಜಸೇವೆ, ಯಾವುದೇ ಕ್ರಮಕ್ಕೆ ಮೊದಲು ಅಹವಾಲು ಹೇಳಿಕೊಳ್ಳಲು ಅವಕಾಶ, ಇವು ಯೋಗ್ಯವಾದ ದಾರಿಗಳು. ದಂಡದ ಬಾಕಿಗಾಗಿ ಪರವಾನಗಿ ಕಸಿಯುವ ಪದ್ಧತಿಯ ಫಲವನ್ನು ಅಮೆರಿಕದ ಅನೇಕ ರಾಜ್ಯಗಳು ಉಂಡಿವೆ. ಅದನ್ನು ಕ್ಯಾಲಿಫೋರ್ನಿಯಾ 2017ರಲ್ಲಿಯೂ ವರ್ಜೀನಿಯಾ 2020ರಲ್ಲಿಯೂ ಕೈಬಿಟ್ಟವು. ಇತರರು ಎಡವಿ ಎದ್ದ ಕಲ್ಲಿಗೆ ಇಲ್ಲಿ ಹೊಸದಾಗಿ ಎಡವಬೇಕಾಗಿಲ್ಲ.

ಹಾಗೆಂದು ಚಾಲಕನು ಹೊಣೆಯಿಂದ ಪಾರಾದನೆಂದಲ್ಲ. ಲಕ್ಕಮ್ಮನವರ ಅಳತೆ ಆತನಿಗೂ ಅನ್ವಯಿಸುತ್ತದೆ. ಕೆಂಪು ದೀಪವನ್ನು ದಾಟಿ ಉಳಿಸಿದ ಸಮಯ ಪರರದು, ಕಟ್ಟದೆ ಉಳಿಸಿಕೊಂಡ ದಂಡ ಸಮಾಜದ್ದು. ಕಾಯಕ ಶುದ್ಧವಾಗಿರಬೇಕಾದರೆ ಆ ಋಣವನ್ನು ತೀರಿಸಲೇಬೇಕು. ಆದರೆ ಋಣ ತೀರಿಸುವ ಕೈಗೆ ಕೆಲಸವಿರಬೇಕು. ಸರ್ಕಾರಕ್ಕೆ ಸಲ್ಲಬೇಕಾದುದು ದಂಡದ ಹಣವಷ್ಟೇ. ಕಾಯಕವನ್ನೂ ಸೇರಿಸಿ ಕೊಂಡೊಯ್ದರೆ ಅದು ಅಂಗಳದಿಂದ ಹೆಚ್ಚಾಗಿ ತಂದ ಅಕ್ಕಿ. ಅದನ್ನು ಮರಳಿ ಒಪ್ಪಿಸುವುದೇ ಶರಣರು ತೋರಿದ ದಾರಿ.