ಎರಡು ಲಕ್ಷ ಕಿಲೋಮೀಟರ್ ಓಡಿದ ಗಾಡಿ



ಕಳೆದ ಮಳೆಗಾಲ ಮುಗಿಯುತ್ತಿದ್ದಂತೆ ನಮ್ಮ ಮನೆಯಲ್ಲಿ ಗಾಡಿಯ ಮಾತು ಶುರುವಾಯಿತು. ಮಗನಿಗೆ ಏಳು ಜನ ಕೂರುವ ಎಸ್‌ಯುವಿ ಬೇಕು. ತೋಟದ ಮಣ್ಣುರಸ್ತೆಯಲ್ಲಿ ಸಣ್ಣ ಕಾರಿನ ತಳ ನೆಲಕ್ಕೆ ತಾಗುತ್ತದೆ. ನಮ್ಮಿಬ್ಬರು ಮುದುಕರನ್ನೂ ಕೂರಿಸಿಕೊಂಡು ಉಡುಪಿಗೆ ಹೊರಟರೆ ಜಾಗ ಸಾಲದು. ಹೊಸ ಗಾಡಿಯ ಬೆಲೆ ನಮ್ಮ ಕೈಗೆ ಎಟುಕುವಂಥದ್ದಲ್ಲ. ಸರಿ, ಹಳೆಯದನ್ನೇ ನೋಡೋಣ ಎಂದಾಯಿತು. ಅದಕ್ಕೂ ಐದು ಲಕ್ಷ ಹೊಂದಿಸಬೇಕು. ಅದರಲ್ಲಿ ಎರಡು ಲಕ್ಷ, ಮೊಮ್ಮಗಳ ಓದಿಗೆಂದು ಅಜ್ಜಿ ಅಂಚೆ ಕಚೇರಿಯಲ್ಲಿ ಇಟ್ಟಿದ್ದ ಹಣ.

“ಗಾಡಿ ಕೆಟ್ಟು ಕೂತರೆ ನನ್ನ ದುಡ್ಡು ಗ್ಯಾರೇಜಿಗೆ, ಮಗುವಿನ ಓದು ದೇವರಿಗೆ” ಎಂದಳು ಅಜ್ಜಿ. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ನಾನು 31 ವರ್ಷ ಬಸ್ ಡಿಪೊದಲ್ಲಿ ಮೆಕ್ಯಾನಿಕ್ ಆಗಿದ್ದವನು. ಹಾಗಾಗಿ ಗಾಡಿ ಆರಿಸುವ ಹೊಣೆ ನನ್ನ ತಲೆಗೇ ಬಂತು. ಏಳನೇ ತರಗತಿಯ ಮೊಮ್ಮಗಳು ನೋಟ್‌ಬುಕ್ ಹಿಡಿದುಕೊಂಡು ಜೊತೆಗೆ ಹೊರಟಳು.

ಮೊದಲು ನೋಡಿದ್ದು 12 ವರ್ಷದ ಗಾಡಿ. ಥಳಥಳ ಹೊಳೆಯುತ್ತಿತ್ತು. ಮೀಟರಿನಲ್ಲಿ ಬರೀ 68,000 ಕಿ.ಮೀ. ಮಗನ ಮುಖ ಅರಳಿತು. ನಾನು ಮೊಮ್ಮಗಳಿಗೆ, “ಒಂದು ಲೆಕ್ಕ ಮಾಡು. ದಿನಕ್ಕೆ ಎಷ್ಟು ಓಡಿದೆ?” ಎಂದೆ. 68,000ವನ್ನು 12ರಿಂದ ಭಾಗಿಸಿ, ಬಂದದ್ದನ್ನು 365ರಿಂದ ಭಾಗಿಸಿದಳು. ದಿನಕ್ಕೆ 16 ಕಿ.ಮೀ. ಕೂಡ ಇಲ್ಲ!

ಅಷ್ಟು ಕಡಿಮೆ ಓಡಿದ ಗಾಡಿಗಳು ಇರುವುದಿಲ್ಲವೆಂದಲ್ಲ. ಆದರೆ ಹಾಗೆ ಓಡಿದ ಗಾಡಿಯ ಕ್ಲಚ್ ಪೆಡಲ್ಲಿನ ರಬ್ಬರ್ ಸವೆದು ನುಣ್ಣಗಾಗಿರುವುದೇಕೆ? ಸ್ಟೀರಿಂಗ್ ಕೈ ತಾಗಿ ತಾಗಿ ಮಿರಮಿರ ಮಿಂಚುವುದೇಕೆ? ಡ್ರೈವರ್ ಸೀಟಿನ ಅಂಚು ಕುಸಿದಿರುವುದೇಕೆ? ನಾನು ಹೀಗೆ ಯೋಚಿಸುತ್ತಿರುವಾಗ ಮೊಮ್ಮಗಳು ಬಾಗಿಲು ತೆರೆದು, “ಅಜ್ಜ, ಇಲ್ಲಿ ನೋಡಿ” ಎಂದಳು. ಬಾಗಿಲ ಪಕ್ಕದ ಕಂಬದಲ್ಲಿ ಎಣ್ಣೆ ಬದಲಿಸಿದಾಗ ಅಂಟಿಸಿದ್ದ ಸಣ್ಣ ಚೀಟಿ. ಮೂರು ವರ್ಷದ ಹಿಂದಿನ ತಾರೀಖು. ಕಿ.ಮೀ. ಎಂಬಲ್ಲಿ 1,42,300!

ಮೀಟರನ್ನು ಹಿಂದಕ್ಕೆ ತಿರುಗಿಸಿದ್ದರು. ಡಿಜಿಟಲ್ ಮೀಟರನ್ನೂ ಹೀಗೆ ಬದಲಿಸುವವರು ಇದ್ದಾರೆ. ಮಾರುವವರು “ಅದು ಯಾವುದೋ ಹಳೇ ಚೀಟಿ ಸಾರ್” ಎಂದರು. ನಾವು ಜಗಳವಾಡಲಿಲ್ಲ, ನಮಸ್ಕಾರ ಹೇಳಿ ಹೊರಟು ಬಂದೆವು.

ಎರಡನೆಯದು 11 ವರ್ಷದ ಗಾಡಿ, ಅದೇ ಮಾದರಿ. ಬಣ್ಣ ಮಾಸಿತ್ತು. ಮೀಟರಿನಲ್ಲಿ 2,10,000 ಕಿ.ಮೀ. “ಅಯ್ಯೋ, ಭೂಮಿಯನ್ನು ಐದು ಸುತ್ತು ಸುತ್ತಿದೆ!” ಎಂದಳು ಮೊಮ್ಮಗಳು. ನಿಜ, ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಚಂದ್ರನಿಗೆ ಸುಮಾರು 3,84,400 ಕಿ.ಮೀ. ಅಂದರೆ ಈ ಗಾಡಿ ಚಂದ್ರನ ದಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕ್ರಮಿಸಿತ್ತು.

ಅದರ ಒಡೆಯರು ನಿವೃತ್ತಿಗೆ ಹತ್ತಿರವಿದ್ದ ಮೇಷ್ಟ್ರು. ಶಾಲೆಗೆ ಹೋಗಿ ಬರಲು ಹೆದ್ದಾರಿಯಲ್ಲಿ ದಿನಕ್ಕೆ 50 ಕಿ.ಮೀ. ಓಡಿಸಿದವರು. ಒಂದು ಫೈಲು ತಂದು ಮುಂದಿಟ್ಟರು. ಎಣ್ಣೆ, ಫಿಲ್ಟರ್, ಬ್ರೇಕ್ ಹೀಗೆ ಪ್ರತಿ ರಿಪೇರಿಯ ಬಿಲ್ಲೂ ಕಿ.ಮೀ. ಸಮೇತ ಅದರಲ್ಲಿತ್ತು. “ಕ್ಲಚ್ ಹಾಕಿಸಬೇಕು ಸಾರ್, ಮುಚ್ಚಿಡೋದಿಲ್ಲ” ಎಂದರು.

ಮಕ್ಕಳೇ, ಎಲ್ಲ ಕಿಲೋಮೀಟರೂ ಒಂದೇ ಅಲ್ಲ. ಪೇಟೆಯ ಗಲ್ಲಿಯಲ್ಲಿ ನಿಂತು ನಿಂತು ಓಡುವ ಗಾಡಿಯ ಕ್ಲಚ್, ಬ್ರೇಕ್ ಬೇಗ ಸವೆಯುತ್ತವೆ. ಎರಡೆರಡು ಕಿ.ಮೀ. ಓಡಿಸಿ ನಿಲ್ಲಿಸುವ ಗಾಡಿಯ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ, ಎಣ್ಣೆಯಲ್ಲಿ ನೀರಿನ ಪಸೆ ಸೇರುತ್ತದೆ. ಹೆದ್ದಾರಿಯಲ್ಲಿ ಒಂದೇ ಹದದಲ್ಲಿ ಓಡುವ ಎಂಜಿನ್‌ಗೆ ಅಷ್ಟು ಕಷ್ಟವಿಲ್ಲ. ದಿನಾ ನಡೆಯುವ ಅಜ್ಜನ ಮಂಡಿಗೂ ಕೂತಲ್ಲೇ ಕೂತ ಅಜ್ಜನ ಮಂಡಿಗೂ ಇರುವ ವ್ಯತ್ಯಾಸದಂತೆ!

ಮೊಮ್ಮಗಳು ಆ ದಿನ ಬರೆದುಕೊಂಡ ಪಟ್ಟಿ ಇದು. ಕತ್ತರಿಸಿ ಇಟ್ಟುಕೊಳ್ಳಿ.

1. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ನಾವು ಬರುವ ಮೊದಲೇ ಸ್ಟಾರ್ಟ್ ಮಾಡಿದ್ದಾರೆ ಎಂದರ್ಥ. ತಣ್ಣಗಿರುವ ಎಂಜಿನ್ ಹೇಗೆ ಸ್ಟಾರ್ಟ್ ಆಗುತ್ತದೆ ಎಂಬುದೇ ನಿಜವಾದ ಪರೀಕ್ಷೆ.

2. ಹೊಗೆಯ ಬಣ್ಣ. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಕಪ್ಪು ಹೊಗೆ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ಬೆಳಗಿನ ಚಳಿಯಲ್ಲಿ ಸ್ವಲ್ಪ ಬಿಳಿ ಆವಿ ಸಹಜ, ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬಂದರೆ ಎಂಜಿನ್ ಒಳಗೆ ಕೂಲೆಂಟ್ ನೀರು ಸೇರುತ್ತಿರಬಹುದು.

3. ಎಣ್ಣೆಯ ಕಡ್ಡಿ. ಡೀಸೆಲ್ ಗಾಡಿಯ ಎಣ್ಣೆ ಕಪ್ಪಗಿದ್ದರೆ ಗಾಬರಿ ಬೇಡ. ಹಾಲು ಬೆರೆಸಿದ ಕಾಫಿಯಂತಿದ್ದರೆ ಆ ಗಾಡಿ ಬೇಡ.

4. ತಳ. ಇಂಥ ಹಳೆಯ ಎಸ್‌ಯುವಿಗಳಲ್ಲಿ ಹಲವಕ್ಕೆ ಲಾರಿಯಂತೆ ಉಕ್ಕಿನ ಚಾಸಿಸ್ ಇರುತ್ತದೆ, ಅದರ ಮೇಲೆ ಬಾಡಿ ಕೂರಿಸಿರುತ್ತಾರೆ. ಚಾಸಿಸ್‌ಗೆ ತುಕ್ಕು ತಿಂದಿದ್ದರೆ, ಬೆಸುಗೆಯ ಗುರುತಿದ್ದರೆ ಎಚ್ಚರ. ಕಡಲತೀರದಲ್ಲಿ ಓಡಿದ ಗಾಡಿಯಾದರೆ ಇನ್ನೂ ಎಚ್ಚರ, ಅಲ್ಲಿ ಉಪ್ಪುಗಾಳಿ.

5. ಟೈರ್. ಬದಿಯಲ್ಲಿ ನಾಲ್ಕು ಅಂಕಿಗಳ ಗುರುತಿರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಹಲ್ಲು ಚೆನ್ನಾಗಿದ್ದರೂ ಹಳೆಯ ರಬ್ಬರ್ ಗಟ್ಟಿಯಾಗಿ ಬಿರಿಯುತ್ತದೆ.

6. ಬೆಲ್ಟ್. ಕೆಲವು ಎಂಜಿನ್‌ಗಳಲ್ಲಿ ಟೈಮಿಂಗ್ ಬೆಲ್ಟ್ ಇರುತ್ತದೆ. ಓಡುವಾಗ ಅದು ಹರಿದರೆ ಎಂಜಿನ್ನೇ ಹಾಳಾಗಬಹುದು. ಯಾವಾಗ ಬದಲಿಸಿದ್ದು ಎಂದು ಬಿಲ್ ಕೇಳಿ.

7. ಕಾಗದ. ಆರ್‌ಸಿಯಲ್ಲಿರುವ ಚಾಸಿಸ್ ನಂಬರ್ ಗಾಡಿಯ ಮೇಲಿನ ನಂಬರಿಗೆ ಹೊಂದಬೇಕು. ಸ್ವಂತ ಬಳಕೆಯ ಗಾಡಿಯ ನೋಂದಣಿ 15 ವರ್ಷಕ್ಕೆ. ಆಮೇಲೆ ತಪಾಸಣೆ ಮಾಡಿಸಿ ನವೀಕರಿಸಬೇಕು. 13 ವರ್ಷದ ಗಾಡಿ ಕೊಂಡರೆ ಉಳಿಯುವುದು ಎರಡೇ ವರ್ಷ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ಬೇಕು. ಫಾರಂ 29 ಮತ್ತು 30 ಕೊಟ್ಟು ಹೆಸರು ಬದಲಿಸಿಕೊಳ್ಳಬೇಕು, ವಿಮೆಯನ್ನೂ ನಮ್ಮ ಹೆಸರಿಗೆ ಮಾಡಿಸಬೇಕು.

ಕೊನೆಗೆ ಮೇಷ್ಟ್ರ ಗಾಡಿಯೇ ಬಂತು. 4,60,000 ಹೇಳಿದ್ದರು, ಕ್ಲಚ್ ನೆಪ ಹೇಳಿ 4,25,000ಕ್ಕೆ ಇಳಿಸಿದೆವು. ಇಲ್ಲಿ ಒಂದು ಗುಟ್ಟು. ಕೈಯಲ್ಲಿರುವ ಹಣವನ್ನೆಲ್ಲ ಹಳೆಯ ಗಾಡಿಗೆ ಸುರಿಯಬಾರದು. ಉಳಿದ 75,000ದಲ್ಲಿ ಕ್ಲಚ್, ಬ್ಯಾಟರಿ, ಎರಡು ಟೈರ್, ಎಣ್ಣೆ, ಫಿಲ್ಟರ್ ಸೇರಿ 58,000 ಆಯಿತು. ಉಳಿದದ್ದು 17,000.

ಅಜ್ಜ ಅಷ್ಟು ಜಾಣನಾಗಿದ್ದರೆ ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಮೂರನೇ ತಿಂಗಳು ಉಡುಪಿಯಿಂದ ಆಗುಂಬೆ ಘಾಟಿ ಹತ್ತುತ್ತಿದ್ದೆವು. ಅರ್ಧ ಹತ್ತಿರಬೇಕು, ಶಾಖ ತೋರಿಸುವ ಮುಳ್ಳು ಮೇಲೇರಿದ್ದನ್ನು ಮೊಮ್ಮಗಳು ನೋಡಿ ಕೂಗಿದಳು. ಮಗ ಕೂಡಲೇ ಬದಿಗೆ ನಿಲ್ಲಿಸಿದ. ರೇಡಿಯೇಟರಿನ ರಬ್ಬರ್ ಪೈಪು ತುದಿಯಲ್ಲಿ ಸೀಳಿತ್ತು. ಬಿಸಿ ಇರುವಾಗ ಮುಚ್ಚಳ ತೆಗೆದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಹಾಗಾಗಿ ಮುಕ್ಕಾಲು ಗಂಟೆ ಕಾದು, ಸೀಳಿದ ತುದಿಯನ್ನು ಚಾಕುವಿನಿಂದ ಕತ್ತರಿಸಿ, ಮತ್ತೆ ಸಿಕ್ಕಿಸಿ ಕ್ಲಿಪ್ ಬಿಗಿದು, ನೀರು ತುಂಬಿ ನಿಧಾನವಾಗಿ ಮನೆ ಸೇರಿದೆವು. ಹೊಸ ಪೈಪಿಗೆ 900 ರೂಪಾಯಿ. ಗಮನಿಸದೆ ಓಡಿಸಿದ್ದರೆ ಎಂಜಿನ್ನೇ ಹೋಗುತ್ತಿತ್ತು, ಅಜ್ಜಿಯ ದುಡ್ಡೂ.

ಆ ಪೈಪನ್ನು ಕೊಳ್ಳುವಾಗ ಒತ್ತಿ ನೋಡಬೇಕಿತ್ತು. ನಾನು ಮರೆತಿದ್ದೆ. ಮೊಮ್ಮಗಳು ತನ್ನ ಪಟ್ಟಿಗೆ ಎಂಟನೆಯ ಸಾಲು ಸೇರಿಸಿದಳು: “ರಬ್ಬರ್ ಪೈಪುಗಳು. ಅಜ್ಜ ನೋಡಿರಲಿಲ್ಲ.”

ಗಾಡಿ ಈಗ ಚೆನ್ನಾಗಿ ಓಡುತ್ತಿದೆ. ಉಳಿದ 16,100 ರೂಪಾಯಿ ಅಂಚೆ ಕಚೇರಿಗೆ ವಾಪಸ್ ಹೋಯಿತು. ಮಗ ತಿಂಗಳಿಗೆ 5,000ದಂತೆ ಅಜ್ಜಿಯ ಖಾತೆಗೆ ತುಂಬುತ್ತಿದ್ದಾನೆ. ಪಾಸ್‌ಬುಕ್ ನೋಡಿದ ಮೇಲೆಯೇ ಅಜ್ಜಿ ಮುಂದಿನ ಸೀಟಿನಲ್ಲಿ ಕೂರುವುದು!

ಈ ವಾರದ ಕೆಲಸ: ನಿಮ್ಮ ಮನೆಯ ಗಾಡಿ ಅಥವಾ ಸ್ಕೂಟರಿನ ಟೈರಿನಲ್ಲಿ ಆ ನಾಲ್ಕು ಅಂಕಿ ಹುಡುಕಿ. ಅದು ದಿನಕ್ಕೆ ಎಷ್ಟು ಕಿ.ಮೀ. ಓಡಿದೆ ಎಂದು ಲೆಕ್ಕ ಹಾಕಿ ಅಜ್ಜ-ಅಜ್ಜಿಗೆ ತೋರಿಸಿ.