ಸೋರಿದ ಚಿತ್ರ, ಕಾಣದ ಧೂಳು

ಮುಚ್ಚಿದ ಡಬ್ಬಿಯೊಂದನ್ನು ಮಕ್ಕಳ ಕೈಗೆ ಕೊಟ್ಟು ‘ಒಳಗೇನಿದೆ ಹೇಳಿ’ ಎಂದು ಕೇಳುವುದು ನನ್ನ ಹಳೆಯ ಪಾಠ. ಅಲ್ಲಾಡಿಸಬಹುದು, ಸದ್ದು ಕೇಳಬಹುದು. ಆದರೆ ಗಮನಿಸಿದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆ ಬರೆಯಬೇಕು.

2016ರ ಮಧ್ಯದಲ್ಲಿ ಇಂಥದೇ ಡಬ್ಬಿಯೊಂದು ಜಗತ್ತಿನ ಕೈಗೆ ಸಿಕ್ಕಿತು. ಆಪಲ್ ಕಂಪನಿಯ ಮುಂಬರುವ ಮ್ಯಾಕ್‌ಬುಕ್ ಪ್ರೊ ಲ್ಯಾಪ್‌ಟಾಪಿನ ಖಾಲಿ ಲೋಹದ ಕವಚದ ಚಿತ್ರಗಳು ಸೋರಿಕೆಯಾದವು. ಅಂಚುಗಳಲ್ಲಿ ಯುಎಸ್‌ಬಿ-ಸಿ ಕೇಬಲ್ಲಿಗೆ ನಾಲ್ಕು ಕಿಂಡಿ. ಮೇಲಿನ ಸಾಲಿನ ಕೀಲಿಗಳಿಗೆ ಜಾಗವೇ ಇಲ್ಲ. ಅಲ್ಲಿ ಸ್ಪರ್ಶಪರದೆಯ ಪಟ್ಟಿ ಬರಲಿದೆ ಎಂದು ಹಲವರು ಊಹಿಸಿದರು. ಅಕ್ಟೋಬರ್ 27ರಂದು ಯಂತ್ರ ಹೊರಬಂತು. ಊಹೆ ನಿಜವಾಗಿತ್ತು. ಪಟ್ಟಿಯ ಹೆಸರು ‘ಟಚ್ ಬಾರ್’.

ಆದರೆ ಬಳಸುವವರನ್ನು ಕಾಡಿದ್ದು ಚಿತ್ರದಲ್ಲಿ ಕಾಣದ ಸಂಗತಿ. ಯಂತ್ರ ತೆಳುವಾಗಲೆಂದು ಕೀಲಿಗಳ ಕೆಳಗೆ ‘ಚಿಟ್ಟೆ’ ಮಾದರಿಯ ತೆಳು ರಚನೆ ಇಟ್ಟಿದ್ದರು. ಧೂಳಿನ ಕಣ ಹೊಕ್ಕರೆ ಅದು ಕೈಕೊಡುತ್ತಿತ್ತು. ಒಂದು ಅಕ್ಷರ ಎರಡು ಸಲ ಮೂಡುವುದು, ಇಲ್ಲವೇ ಮೂಡದೇ ಹೋಗುವುದು. 2018ರ ಜೂನ್‌ನಲ್ಲಿ ಕಂಪನಿ ಉಚಿತ ದುರಸ್ತಿ ಘೋಷಿಸಿತು. 2019ರಲ್ಲಿ ಹಳೆಯ ‘ಕತ್ತರಿ’ ಮಾದರಿಗೆ ಮರಳಿತು. 2021ರ 14 ಮತ್ತು 16 ಅಂಗುಲದ ಯಂತ್ರಗಳಲ್ಲಿ ಟಚ್ ಬಾರ್ ಕೂಡ ಹೋಗಿ ಮಾಮೂಲಿ ಕೀಲಿಗಳೇ ಬಂದವು.

ಈಗಲೂ ಹಳೆಯ ವಿದ್ಯಾರ್ಥಿಗಳು ಇಂಥ ಚಿತ್ರ ತೋರಿಸಿ, ‘ಸಾರ್, ಇದಕ್ಕೇ ಕಾಯಲೇ?’ ಎನ್ನುತ್ತಾರೆ. ಕಾಯಿರಿ, ಬೇಡವೆನ್ನುವುದಿಲ್ಲ. ಆದರೆ ಚಿತ್ರ ಆಕಾರ ತೋರಿಸೀತು, ಬಾಳಿಕೆಯನ್ನಲ್ಲ. ಅದು ಕೊಂಡವರ ಕೈಯಲ್ಲಿ ಒಂದು ಬೇಸಗೆಯ ಧೂಳು ಕುಡಿಯಲಿ. ಆಮೇಲೆ ನಿಮ್ಮ ದುಡ್ಡು ತೆಗೆಯಿರಿ.