ರಾತ್ರಿ ಅಲ್ಲಿ ಯಾರಿರುತ್ತಾರೆ?

ಕೆಂಚನ ಮುಂಗಾಲಿನ ಉಗುರುಗಳು ಬುಡದವರೆಗೆ ಸವೆದಿದ್ದವು. ಎರಡು ಉಗುರುಗಳಲ್ಲಿ ರಕ್ತ ಹೆಪ್ಪುಗಟ್ಟಿ ಕಪ್ಪಾಗಿತ್ತು. ಮೂಗಿನ ಮೇಲೆ ರೂಪಾಯಿ ನಾಣ್ಯದಗಲ ತರಚಿತ್ತು. ನನ್ನನ್ನು ಕಂಡು ಬೊಗಳಲು ಬಾಯಿ ತೆರೆದ. ಬಂದದ್ದು ಹಳೆಯ ಬಾಗಿಲು ಕಿರುಗುಟ್ಟಿದಂಥ ಸದ್ದು, ಅಷ್ಟೇ. ನಾಲ್ಕು ರಾತ್ರಿ ಅವನನ್ನು ಒಂದು ನಾಯಿ ಬೋರ್ಡಿಂಗ್‌ನಲ್ಲಿ ಬಿಟ್ಟಿದ್ದೆ.

ಶಿವಮೊಗ್ಗದಲ್ಲಿ ತಂಗಿಯ ಮಗನ ಮದುವೆ. ಮೈಸೂರಿನಿಂದ ಅವನನ್ನು ಕರೆದುಕೊಂಡು ಹೋಗುವಂತಿರಲಿಲ್ಲ. ಊರಾಚೆಯ ಆ ಜಾಗಕ್ಕೆ ಮೊದಲೇ ಹೋಗಿ ನೋಡಿದ್ದೆ. ಹಸಿರು ಹುಲ್ಲು, ನಾಯಿಗಳಿಗೆಂದೇ ಪುಟ್ಟ ಈಜುಕೊಳ, ಗೋಡೆಯ ಮೇಲೆ ಚಿತ್ರಗಳು. ದಿನಕ್ಕೆ 900 ರೂಪಾಯಿ ಕೇಳಿದರು, ಕೊಟ್ಟೆ. ದಿನವೂ ಬೆಳಿಗ್ಗೆ ವಾಟ್ಸ್‌ಆ್ಯಪ್‌ಗೆ ಫೋಟೋ ಬರುತ್ತಿತ್ತು. ಹುಲ್ಲಿನ ಮೇಲೆ ಕೆಂಚ, ಬಿಸಿಲಿನಲ್ಲಿ ಕೆಂಚ. ಛತ್ರದಲ್ಲಿ ಅದನ್ನು ಎಲ್ಲರಿಗೂ ತೋರಿಸಿ, ನೋಡಿ ಎಷ್ಟು ಚೆನ್ನಾಗಿದ್ದಾನೆ ಎಂದು ಹೇಳಿಕೊಂಡು ಓಡಾಡಿದೆ.

ವಾಪಸು ಬಂದ ದಿನ ಕಾವಲಿನವರು ಹೇಳಿದ ಮೇಲೆ ವಿಷಯ ತಿಳಿಯಿತು. ಸಂಜೆ ಎಂಟಕ್ಕೆ ಕೆಲಸದ ಹುಡುಗರು ಬೀಗ ಹಾಕಿ ಹೋದರೆ ಮತ್ತೆ ಬರುವುದು ಬೆಳಿಗ್ಗೆ ಆರಕ್ಕೆ. ಹತ್ತು ಗಂಟೆ ಕಾಲ ಹದಿನೆಂಟು ನಾಯಿಗಳು, ಹೊರಗೇಟಿನಲ್ಲಿ ಒಬ್ಬರು ಕಾವಲಿನವರು. ಮೂರನೇ ರಾತ್ರಿ ಗುಡುಗು ಮಳೆ. ಕೆಂಚ ಗುಡುಗಿಗೆ ನಡುಗುವವನು. ಮನೆಯಲ್ಲಾದರೆ ಮಂಚದ ಕೆಳಗೆ ನುಸುಳಿ, ಕೆಳಗಿಳಿಬಿಟ್ಟ ನನ್ನ ಕೈಗೆ ಬೆನ್ನು ತಾಗಿಸಿಕೊಂಡು ಮಲಗುತ್ತಾನೆ. ಅಲ್ಲಿ ಕಬ್ಬಿಣದ ಬಾಗಿಲನ್ನು ಕೆರೆದಿದ್ದಾನೆ, ಎಷ್ಟು ಹೊತ್ತೋ. ಗುಡುಗಿಗೆ ಹೆದರುತ್ತಾನೆಯೇ ಎಂದು ಅವರು ಕೇಳಲಿಲ್ಲ. ರಾತ್ರಿ ಇಲ್ಲಿ ಯಾರು ಮಲಗುತ್ತಾರೆ ಎಂದು ನಾನೂ ಕೇಳಲಿಲ್ಲ.

ಈಗ ಯಾರಾದರೂ ನಾಯಿ ಬಿಡಲು ಜಾಗ ಹುಡುಕುತ್ತಿದ್ದೇನೆ ಎಂದರೆ ನಾನು ಹೇಳುವುದು ಇದೊಂದೇ. ಹಗಲಿನ ಚೆಂದಕ್ಕೆ ಮರುಳಾಗಬೇಡಿ, ರಾತ್ರಿಯದನ್ನು ಕೇಳಿ. ಅವನು ಮಲಗುವ ಜಾಗ ತೋರಿಸಿ ಎನ್ನಿ. ತೋರಿಸಲು ಹಿಂದುಮುಂದು ನೋಡಿದರೆ ಅಲ್ಲಿಂದ ಹೊರಟುಬಿಡಿ. ತೋರಿಸಿದರೆ ಮೇಲೆ ನೋಡಿ, ತಗಡಿನ ಶೀಟೇ? ಏಪ್ರಿಲ್ ಮಧ್ಯಾಹ್ನ ಅದರಡಿ ನೀವು ಐದು ನಿಮಿಷ ನಿಂತುಕೊಳ್ಳಿ. ಮೂಗು ಚಪ್ಪಟೆಯಾದ ಪಗ್ ಸಾಕಿದವರಂತೂ ನಿಲ್ಲಲೇಬೇಕು, ಆ ಜಾತಿಗೆ ಸೆಕೆ ತಡೆಯುವ ಶಕ್ತಿ ಕಡಿಮೆ. ಆಮೇಲೆ ಗೋಡೆಯ ಬಿರುಕುಗಳನ್ನು ನೋಡಿ. ಉಣ್ಣೆ ಬರೀ ನಾಯಿಯ ಮೈಮೇಲೆ ಬದುಕುವುದಿಲ್ಲ, ಗೋಡೆ ಸಂದಿಗಳಲ್ಲಿ ಮೊಟ್ಟೆಯಿಟ್ಟು ತಿಂಗಳುಗಟ್ಟಲೆ ಕಾದಿರುತ್ತದೆ. ಅದು ಅಂಟಿಸುವ ಜ್ವರ ಬಹಳ ಸಲ ಮನೆಗೆ ಬಂದು ಒಂದೆರಡು ವಾರವಾದ ಮೇಲೆ ತಲೆ ಎತ್ತುತ್ತದೆ. ಅಷ್ಟರಲ್ಲಿ ಬೋರ್ಡಿಂಗ್‌ಗೂ ಜ್ವರಕ್ಕೂ ಸಂಬಂಧವಿದೆ ಎನ್ನುವುದೇ ನಮಗೆ ಹೊಳೆಯುವುದಿಲ್ಲ.

ಕೆಂಚನಿಗೆ ಬಂದದ್ದು ಕೆಮ್ಮು. ಮನೆಗೆ ಬಂದ ಐದನೇ ದಿನ, ಗಂಟಲಲ್ಲಿ ಮೂಳೆ ಸಿಕ್ಕಿದವನ ಹಾಗೆ ಕತ್ತು ಚಾಚಿ ಕೆಮ್ಮತೊಡಗಿದ. ಡಾಕ್ಟರು ಕೇಳುತ್ತಲೇ ಕೆನೆಲ್ ಕಾಫ್ ಎಂದರು. ನಾಯಿಗಳು ಒತ್ತೊತ್ತಾಗಿ ಇರುವ ಕಡೆ ಗಾಳಿಯಲ್ಲೇ ಹರಡುವ ರೋಗ. ವರ್ಷವರ್ಷ ತಪ್ಪದೆ ಹುಚ್ಚುನಾಯಿ ರೋಗದ ಲಸಿಕೆ, ಜೊತೆಗೆ ಪಾರ್ವೊ, ಡಿಸ್ಟೆಂಪರ್‌ಗಳ ಲಸಿಕೆ ಎಲ್ಲ ಹಾಕಿಸಿದ್ದೆ. ಆದರೆ ಈ ಕೆಮ್ಮಿಗೆ ಮೂಗಿಗೆ ಹನಿ ಹಾಕುವ ಬೇರೆಯೇ ಲಸಿಕೆ ಇದೆ, ಬಿಡುವುದಕ್ಕೆ ಒಂದು ವಾರವಾದರೂ ಮುಂಚೆ ಹಾಕಿಸಬೇಕು ಎಂದು ಅವರಿಂದಲೇ ಗೊತ್ತಾಯಿತು. ಬೋರ್ಡಿಂಗ್‌ನವರು ಲಸಿಕೆ ಪುಸ್ತಕವನ್ನು ತೆರೆದೂ ನೋಡಿರಲಿಲ್ಲ. ನನ್ನದನ್ನು ನೋಡದವರು ಪಕ್ಕದ ಗೂಡಿನ ನಾಯಿಯದನ್ನು ನೋಡಿರುತ್ತಾರೆಯೇ?

ಆ ಕೆಲಸದ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಇಬ್ಬರಿದ್ದರು, ಇಬ್ಬರೂ ದೂರದ ಊರಿನವರು. ಹದಿನೆಂಟು ನಾಯಿಗಳ ಊಟ, ಕಕ್ಕಸು, ಸ್ನಾನ, ಮೇಲೆ ಮಾಲೀಕರಿಗೆ ಕಳಿಸಲು ಫೋಟೋ. ಕೆಂಚನಿಗೆ ಬಾ, ಕೂತ್ಕೋ, ಬೇಡ ಎನ್ನುವ ಮೂರು ಮಾತು ಚೆನ್ನಾಗಿ ಗೊತ್ತು. ಅವರಿಗೆ ಆ ಮೂರೂ ಗೊತ್ತಿರಲಿಲ್ಲ. ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರೆ ಕಲಿಯುತ್ತಿದ್ದರು ಪಾಪ. ಒಬ್ಬರಿಗೆ ಎಷ್ಟು ನಾಯಿ ಎಂದು ಕೇಳುವಾಗ ಆ ಒಬ್ಬರಿಗೆ ಸಂಬಳ ಎಷ್ಟು, ವಾರದ ರಜೆ ಇದೆಯೇ ಎಂದೂ ಕೇಳುವುದು ತಪ್ಪಲ್ಲ ಎಂದು ನನ್ನ ಅಭಿಪ್ರಾಯ. ದಣಿದ ಕೈಗೆ ಸಹನೆ ಎಲ್ಲಿಂದ ಬರಬೇಕು?

ಹಗಲು ಮಾತ್ರ ಬಿಡುವುದರಲ್ಲೂ ಎಚ್ಚರ ಬೇಕು. ಬೆಂಗಳೂರಿನಲ್ಲಿ ಮಗಳು ಅವಳ ನಾಯಿಯನ್ನು ಬೆಳಿಗ್ಗೆ ಎಂಟಕ್ಕೆ ಡೇ ಕೇರ್‌ಗೆ ಬಿಟ್ಟು ಆಫೀಸಿಗೆ ಹೋಗುತ್ತಿದ್ದಳು, ಸಂಜೆ ಏಳಕ್ಕೆ ಕರೆತರುತ್ತಿದ್ದಳು. ಬಂದೊಡನೆ ಬಿದ್ದುಕೊಂಡು ನಿದ್ದೆ ಮಾಡುತ್ತದೆ, ಎಷ್ಟು ಖುಷಿಯಾಗಿ ಆಡಿರಬೇಕು ಅಮ್ಮ ಎಂದಳು. ಮುಂದಿನ ಸಲ ಹೋದಾಗ ಅದು ತಟ್ಟೆಯ ಹತ್ತಿರ ಹೋದ ನನಗೇ ಹಲ್ಲು ತೋರಿಸಿತು, ಮೊದಲು ಹಾಗಿರಲಿಲ್ಲ. ನಾಯಿ ಹಗಲಿನಲ್ಲೂ ಗಂಟೆಗಟ್ಟಲೆ ಮಲಗುವ ಪ್ರಾಣಿ. ಇಪ್ಪತ್ತು ನಾಯಿಗಳ ಗದ್ದಲದಲ್ಲಿ ಹನ್ನೊಂದು ಗಂಟೆ ಎಚ್ಚರವಾಗಿದ್ದರೆ ಯಾರಿಗಾದರೂ ತಲೆ ಕೆಡುತ್ತದೆ. ಮಧ್ಯಾಹ್ನ ಬೇರೆಬೇರೆಯಾಗಿ ಮಲಗಿಸುವ ಜಾಗಕ್ಕೆ ಈಗ ಬದಲಾಯಿಸಿದ್ದಾಳೆ, ಅದೂ ವಾರಕ್ಕೆ ಎರಡೇ ದಿನ. ಉಳಿದ ದಿನ ಕೆಳಗಿನ ಮನೆಯ ಅಜ್ಜಿ ಮಧ್ಯಾಹ್ನ ಬಾಗಿಲು ತೆಗೆದು ಒಂದು ಸುತ್ತು ಕರೆದೊಯ್ಯುತ್ತಾರೆ. ವಯಸ್ಸಾದ ನಾಯಿಗಂತೂ ಇಷ್ಟೇ ಸಾಕು, ಡೇ ಕೇರ್ ಬೇಡವೇ ಬೇಡ.

ಇನ್ನು ಕಾನೂನು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯನ್ನು ಆ ಕೆಮ್ಮಿನ ವಾರಗಳಲ್ಲಿ ಕೂತು ಓದಿದೆ. ಅದರ ಪ್ರಕಾರ ಮಾಲೀಕ ಎಂದರೆ ಸಾಕಿದವರು ಮಾತ್ರವಲ್ಲ, ಆ ಹೊತ್ತಿಗೆ ಪ್ರಾಣಿ ಯಾರ ಸುಪರ್ದಿನಲ್ಲಿದೆಯೋ ಅವರೂ ಹೌದು. ನಾಯಿಯನ್ನು ಸದಾ ಕೂಡಿಹಾಕಿ ಓಡಾಡಿಸದೆ ಇಡುವುದು ಅಪರಾಧ ಎಂದೂ ಅದರಲ್ಲಿದೆ. ಅಂದರೆ ನಾನು ಹಗ್ಗ ಅವರ ಕೈಗಿತ್ತ ಗಳಿಗೆಯಿಂದ ಕೆಂಚನಿಗೆ ಅವರೂ ಮಾಲೀಕರೇ. ಆದರೆ ಮೊದಲ ಸಲದ ತಪ್ಪಿಗೆ ದಂಡ 10ರಿಂದ 50 ರೂಪಾಯಿ. 2017ರಲ್ಲಿ ನಾಯಿ ತಳಿ ಬೆಳೆಸುವವರಿಗೆ, 2018ರಲ್ಲಿ ಸಾಕುಪ್ರಾಣಿ ಅಂಗಡಿಗಳಿಗೆ ಕೇಂದ್ರ ಸರ್ಕಾರ ನಿಯಮ ತಂದು ನೋಂದಣಿ ಕಡ್ಡಾಯ ಮಾಡಿತು. ಮುಖ್ಯವಾಗಿ ಸಾಕಿ ಮಾರುವವರನ್ನು ಮನಸ್ಸಿನಲ್ಲಿಟ್ಟು ಬರೆದ ನಿಯಮಗಳವು. ದುಡ್ಡು ತೆಗೆದುಕೊಂಡು ನೋಡಿಕೊಳ್ಳುವವರಿಗಾಗಿಯೇ ಬರೆದ ಸ್ಪಷ್ಟ ನಿಯಮ ಬೇಕು. ಒಬ್ಬರಿಗೆ ಇಷ್ಟೇ ನಾಯಿ, ರಾತ್ರಿ ಒಳಗೆ ಒಬ್ಬರು ಮಲಗಲೇಬೇಕು, ಲಸಿಕೆ ನೋಡದೆ ಸೇರಿಸಿಕೊಳ್ಳಕೂಡದು, ತುರ್ತಿಗೆ ಹೋಗುವ ಡಾಕ್ಟರ ಹೆಸರು ಗೋಡೆಯ ಮೇಲಿರಬೇಕು. ನಗರಪಾಲಿಕೆಗಳು ಪರವಾನಗಿ ಕೊಡುವ ಮುನ್ನ ಒಂದು ಸಲ ರಾತ್ರಿ ಹತ್ತಕ್ಕೆ ಹೋಗಿ ಬಾಗಿಲು ತಟ್ಟಲಿ.

ಈಗ ಕೆಂಚ ಹೋಗುವುದು ಹುಣಸೂರು ರಸ್ತೆಯ ಒಂದು ದಂಪತಿಯ ಮನೆಗೆ. ಈಜುಕೊಳವಿಲ್ಲ, ಐದು ನಾಯಿಗಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. ಮೊದಲ ದಿನ ನಾನು ಕೇಳಲು ಬಾಯಿ ತೆರೆಯುವುದರೊಳಗೆ ಆಕೆಯೇ ಕೇಳತೊಡಗಿದರು. ಮುದ್ದೆ ತಿನ್ನುತ್ತಾನಾ, ಮೊಸರನ್ನವಾ? ಕಾಲು ಮುಟ್ಟಿದರೆ ಸಿಟ್ಟಾಗ್ತಾನಾ? ಪಟಾಕಿಗೆ, ಗುಡುಗಿಗೆ ಏನು ಮಾಡ್ತಾನೆ? ಊಟಕ್ಕೆ ಏನಂತ ಕರೀತೀರಿ? ಮೊದಲು ಒಂದು ಹಗಲು ಬಿಡಿ, ಆಮೇಲೆ ಒಂದು ರಾತ್ರಿ, ಒಗ್ಗಿದರೆ ಮಾತ್ರ ನಾಲ್ಕು ದಿನದ ಮಾತು ಎಂದರು. ಊಟ ದಿಢೀರನೆ ಬದಲಾದರೆ ಹೊಟ್ಟೆ ಕೆಡುತ್ತದೆ, ಮನೆಯ ಹಿಟ್ಟನ್ನೇ ತನ್ನಿ, ನೀವು ಉಟ್ಟು ಒಗೆಯದ ಹಳೆಯ ಸೀರೆಯೊಂದು ತನ್ನಿ ಎಂದರು.

ಹೋದ ಶ್ರಾವಣದಲ್ಲಿ ಎರಡು ರಾತ್ರಿ ಬಿಟ್ಟು ಬರಬೇಕಾಯಿತು. ನಡುರಾತ್ರಿ ಮಳೆಯ ಸದ್ದಿಗೆ ಎಚ್ಚರವಾಗಿ ಫೋನು ನೋಡಿದರೆ ಆಕೆಯ ಒಂದು ಸಾಲಿನ ಸಂದೇಶ ಆಗಲೇ ಬಂದಿತ್ತು: ಗುಡುಗು ಶುರುವಾಯಿತು ಅಕ್ಕ, ಕೆಂಚನನ್ನು ನಮ್ಮ ಕೋಣೆಗೇ ಕರೆದುಕೊಂಡಿದ್ದೇವೆ, ಮಂಚದ ಕೆಳಗಿದ್ದಾನೆ.